ಫರ್ತ್ ಸೋದರಿಯರ ಗೆಲುವನ್ನು ರಕ್ತದ ಲೆಕ್ಕಕ್ಕೆ ಬರೆಯಬೇಡಿ

ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರಿಂದ ಕ್ರಾಸ್ ಕಂಟ್ರಿ ಸ್ಕೀಯಿಂಗ್, ಅಂದರೆ ಕಾಲಿಗೆ ಉದ್ದನೆಯ ಹಲಗೆ ಕಟ್ಟಿ ಹಿಮದ ಮೇಲೆ ದೂರ ಸಾಗುವ ಓಟದ ಹೆಸರು ಕೇಳಿದವರು ಶರನ್ ಮತ್ತು ಶರ್ಲಿ ಫರ್ತ್ ಅವರನ್ನೂ ಅರಿಯಬೇಕು. ಕೆನಡಾದ ಮೆಕೆಂಜಿ ನದಿಮುಖಜ ಭೂಮಿಯ ಅಕ್ಲಾವಿಕ್‌ನಲ್ಲಿ 1953ರಲ್ಲಿ ಹುಟ್ಟಿದ ಅವಳಿಗಳು, ಗ್ವಿಚಿನ್ ಬುಡಕಟ್ಟಿನವರು. 1960ರ ದಶಕದಲ್ಲಿ ಫ್ರಾನ್ಸ್ ಮೂಲದ ಪಾದ್ರಿ ಜಾನ್ ಮರಿ ಮೂಶೆ ಅಲ್ಲೇ ಹತ್ತಿರದ ಊರು ಇನುವಿಕ್‌ನಲ್ಲಿ ಶುರು ಮಾಡಿದ ಸ್ಕೀ ತರಬೇತಿಯಲ್ಲಿ ಪಳಗಿದವರು. ಸಪೊರೊ 1972, ಇನ್ಸ್‌ಬ್ರುಕ್ 1976, ಲೇಕ್ ಪ್ಲಾಸಿಡ್ 1980, ಸರಯೇವೊ 1984, ಹೀಗೆ ಸಾಲಾಗಿ ನಾಲ್ಕು ಒಲಿಂಪಿಕ್ಸ್. ರಾಷ್ಟ್ರೀಯ ಕೂಟಗಳಲ್ಲಿ ಇಬ್ಬರಿಗೂ ಸೇರಿ 79 ಪದಕ, ಅದರಲ್ಲಿ 48 ಚಾಂಪಿಯನ್ ಪಟ್ಟ.

ಇವರ ಬಗ್ಗೆ ಬರೆಯುವಾಗೆಲ್ಲ ಒಂದು ಮಾತು ತಪ್ಪದೆ ಬರುತ್ತದೆ: ಬೇಟೆಗಾರರ ಮಕ್ಕಳು, ತ್ರಾಣ ರಕ್ತದಲ್ಲೇ ಇತ್ತು. ಬೋನು ನೋಡಿಬರಲು ಚಳಿಯಲ್ಲಿ ಮೈಲಿಗಟ್ಟಲೆ ನಡೆದ ಮೈ ಗಟ್ಟಿಯಾಗಿತ್ತು, ನಿಜ. ಆದರೆ ಮೈ ಎಷ್ಟೇ ಗಟ್ಟಿಯಿದ್ದರೂ ಸ್ಕೀ ಹಿಂದಕ್ಕೆ ಜಾರಿದರೆ ಏನೂ ನಡೆಯದು.

ಅವರ ಕಾಲದ ಕ್ಲಾಸಿಕ್ ಶೈಲಿ, ಅಂದರೆ ನಡಿಗೆಯಂತೆ ಒಂದಾದ ಮೇಲೊಂದು ಕಾಲು ಮುಂದಕ್ಕೆ ಜಾರಿಸುವ ಓಟ, ನಿಂತಿರುವುದೇ ಸ್ಕೀ ಅಡಿಗೆ ಹಚ್ಚುವ ಮೇಣದ ಮೇಲೆ: ಕಾಲೊತ್ತಿದಾಗ ಅದು ಹಿಮವನ್ನು ಹಿಡಿಯಬೇಕು. ಸ್ಕೀ ಬಿಲ್ಲಿನಂತೆ ನಡುವೆ ಮೇಲಕ್ಕೆ ಬಾಗಿರುತ್ತದೆ. ಎರಡೂ ಕಾಲಲ್ಲಿ ಸಮನಾಗಿ ನಿಂತಾಗ ಪಾದದಡಿ ತೂರಿಸಿದ ಕಾಗದ ಸರಾಗ ಜರುಗಬೇಕು. ಒಂದೇ ಕಾಲಿಗೆ ಭಾರ ಹಾಕಿದರೆ ಸಿಕ್ಕಿಕೊಳ್ಳಬೇಕು. ಹಿಮ್ಮಡಿಯಿಂದ ಮುಂದಕ್ಕೆ ಸುಮಾರು ಎರಡು–ಮೂರು ಗೇಣು ಜಾಗಕ್ಕೆ ಮೂರು–ನಾಲ್ಕು ತೆಳು ಪದರ ಮೇಣ ಹಚ್ಚಿ, ಪ್ರತಿ ಪದರವನ್ನೂ ಕಾರ್ಕಿನಿಂದ ಉಜ್ಜಬೇಕು. ಒಂದೇ ಸಲ ದಪ್ಪಗೆ ಬಳಿದರೆ ಅದು ಸ್ಕೀಯನ್ನು ಹಿಂದಕ್ಕೆ ಎಳೆಯುತ್ತದೆ. ಹಚ್ಚಿದ ಸ್ಕೀಯನ್ನು ಹೊರಗಿಟ್ಟು ತಣಿಸದೆ ಹಿಮಕ್ಕಿಳಿಸಿದರೆ ಬೆಚ್ಚಗಿನ ಮೇಣಕ್ಕೆ ಹಿಮ ಅಂಟಿ ಗಡ್ಡೆಗಟ್ಟುತ್ತದೆ.

ಇನುವಿಕ್‌ನಲ್ಲಿ ಚಳಿಗಾಲದ ಸುಮಾರು ಒಂದು ತಿಂಗಳು ಸೂರ್ಯನೇ ಹುಟ್ಟುವುದಿಲ್ಲ. −30 ಡಿಗ್ರಿಯ ಹಿಮದ ಹರಳು ಚೂಪು, ಸ್ಕೀ ಅಡಿಯಲ್ಲಿ ಮರಳು ಉಜ್ಜಿದಂತೆ. ಚಳಿಗೆ ತಕ್ಕಂತೆ ಮೇಣಕ್ಕೆ ಬೇರೆ ಬೇರೆ ಬಣ್ಣ. ಅಲ್ಲಿಗೆ ಗಟ್ಟಿ ಹಸಿರು ಮೇಣ, ಅದಕ್ಕೂ ಗಟ್ಟಿಯಾದ ಪೋಲಾರ್. ಸೊನ್ನೆಯ ಆಸುಪಾಸಿನ ಹಿಮದಲ್ಲಿ ಅದೇ ಮೇಣ ಹಿಡಿಯುವುದೇ ಇಲ್ಲ, ಕಾಲು ಹಿಂದಕ್ಕೆ ಜಾರುತ್ತದೆ. −2ರಿಂದ −10ರವರೆಗೆ ನೀಲಿ, ಸೊನ್ನೆಯ ಹತ್ತಿರ ನೇರಳೆ. ಕರಗಿ ಮತ್ತೆ ಹೆಪ್ಪುಗಟ್ಟಿದ ಹಿಮಕ್ಕೆ ಜೋನಿಬೆಲ್ಲದಂತೆ ಅಂಟುವ ಕ್ಲಿಸ್ಟರ್. ಓಟದ ನಡುವೆ ಬಿಸಿಲು ಬಂದರೆ ಲೆಕ್ಕವೆಲ್ಲ ತಲೆಕೆಳಗು.

ಸಾಲದ್ದಕ್ಕೆ, 1970ರ ದಶಕದ ನಡುವೆ ಮರದ ಸ್ಕೀ ಹೋಗಿ ಫೈಬರ್‌ಗ್ಲಾಸ್ ಬಂತು. ಪೈನ್ ಮರದ ಟಾರ್ ಹೀರಿದ ಹಲಗೆಗೆ ಮೇಣ ಚೆನ್ನಾಗಿ ಕಚ್ಚುತ್ತಿತ್ತು. ಹೊಸದರಲ್ಲಿ ಹಿಡಿತದ ಮೇಣ ನಡುವೆ ಮಾತ್ರ, ಮುಂದೆ ಹಿಂದೆ ಜಾರುವ ಮೇಣವೇ ಬೇರೆ. ಕ್ರೀಡಾ ಜೀವನದ ನಡುವೆ ಇಷ್ಟನ್ನೂ ಹೊಸದಾಗಿ ಕಲಿತು ರಾಷ್ಟ್ರೀಯ ತಂಡದಲ್ಲಿ 17 ವರ್ಷ ಉಳಿದದ್ದು ಕಸುಬುಗಾರಿಕೆ. ಅದನ್ನು ಹುಟ್ಟುಗುಣ ಅಂದುಬಿಟ್ಟರೆ ಅವರ ದುಡಿಮೆಯನ್ನೇ ಕಸಿದುಕೊಂಡಂತೆ.

1987ರಲ್ಲಿ ಇಬ್ಬರಿಗೂ ಆರ್ಡರ್ ಆಫ್ ಕೆನಡಾ ಗೌರವ ಬಂತು. ದೇಶದ ಕ್ರೀಡಾ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು ಮಾತ್ರ 2015ರಲ್ಲಿ. ಶರ್ಲಿ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.