ಮುಟ್ಟಿನ ಪಾಠ ನಾನು ಮೊದಲು ಕಲಿತದ್ದು ಮದ್ರಸದಲ್ಲಿ

ಮಂಗಳೂರಿನ ನಮ್ಮ ಕುದ್ರೋಳಿಯ ತಾಯಂದಿರ ವಾಟ್ಸಾಪ್ ಗ್ರೂಪಿನಲ್ಲಿ ಹೋದ ವಾರ ಜೋರು ಚರ್ಚೆ. ಎಂಟು, ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಮುಟ್ಟು, ರಕ್ತಹೀನತೆ, ದೇಹದ ಬದಲಾವಣೆ ಬಗ್ಗೆ ಹೇಳಲು ಡಾಕ್ಟರು ಶಾಲೆಗೆ ಬರುತ್ತಾರೆ. "ಇದೆಲ್ಲ ನಮ್ಮ ದೀನಿಗೆ (ಧರ್ಮಕ್ಕೆ) ಆಗುವುದಿಲ್ಲ, ಮಕ್ಕಳನ್ನು ಆ ದಿನ ಕಳಿಸಬೇಡಿ" ಅಂತ ಒಬ್ಬರು ಬರೆದರು. ತುಂಬಾ ಮಂದಿ ಹೌದು ಅಂದರು.

ನನಗೆ ಬೇಸರವಾಯಿತು. ಹೈಳ್, ಅಂದರೆ ಮುಟ್ಟು, ಏನು ಅಂತ ನನಗೆ ಮೊದಲು ಹೇಳಿಕೊಟ್ಟದ್ದೇ ಮದ್ರಸ. ಕರ್ಮಶಾಸ್ತ್ರದ ಕಿತಾಬುಗಳು ಶುರುವಾಗುವುದೇ ಶುದ್ಧಿಯ ಪಾಠದಿಂದ ಅಲ್ವಾ? ನಾವು ಬ್ಯಾರಿ ಮುಸ್ಲಿಮರು ಶಾಫಿಈ ಮದ್ಹಬಿನವರು, ಅಂದರೆ ಕರ್ಮಶಾಸ್ತ್ರದಲ್ಲಿ ಇಮಾಮ್ ಶಾಫಿಈಯವರ ದಾರಿ ಹಿಡಿದವರು. ಹೈಳ್ ಕಡಿಮೆ ಎಂದರೆ ಒಂದು ಹಗಲು, ಒಂದು ರಾತ್ರಿ. ಜಾಸ್ತಿ ಎಂದರೆ 15 ದಿನ. ಇನ್ನೊಂದು ಮದ್ಹಬಿನವರಾದ ಹನಫಿಗಳಲ್ಲಿ 3ರಿಂದ 10 ದಿನ. ಹೈಳ್ ಇರುವಾಗ ನಮಾಜ್, ಉಪವಾಸ ಇಲ್ಲ. ಆದರೆ ಅಷ್ಟು ದಿನ ದಾಟಿ ಹೋಗುವ ರಕ್ತ ಬೇರೆ, ಅದಕ್ಕೆ ನಮಾಜ್ ಬಿಡುವ ಹಾಗಿಲ್ಲ. ಬೆರಳು ಮಡಚಿ ಲೆಕ್ಕ ಹಾಕಿ ಕಲಿತಿದ್ದೆವು.

ಕಳೆದ ರಮಳಾನಿನಲ್ಲಿ ಅಕ್ಕನ ಮಗಳು ಉಪವಾಸ ಹಿಡಿಯದೆ 20 ದಿನ ಆಗಿತ್ತು. ಸುಮ್ನೆ ಮೂಲೆಯಲ್ಲಿ ಮಲಗಿರುತ್ತಿದ್ದಳು. ಕೇಳಿದರೆ ಹೇಳಲು ನಾಚಿಕೆ. ಗಮನಿಸಿದ್ದು ನಮ್ಮ ಉಮ್ಮ (ಅಮ್ಮ), ಶಾಲೆಯ ಮೆಟ್ಟಿಲು ಹತ್ತದವರು. "ಇಷ್ಟು ದಿನ ಹೈಳ್ ಇರುವುದಿಲ್ಲ ಮಗಳೇ, ಇದು ಕಾಯಿಲೆ" ಅಂದರು. ಲೇಡಿಗೋಷನ್ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಅಂದರೆ ಹುಡುಗಿಯನ್ನು ಡಾಕ್ಟರ ಹತ್ತಿರ ಕಳಿಸಿದ್ದು ಕಿತಾಬಿನ ಆ 15 ದಿನದ ಲೆಕ್ಕ. 20 ದಿನ ಅವಳ ಬಾಯಿ ಕಟ್ಟಿಹಾಕಿದ್ದು ನಾಚಿಕೆ.

ಪ್ರವಾದಿಯವರ ಹತ್ತಿರ ಅವರ ಕಾಲದ ಫಾತಿಮಾ ಬಿಂತ್ ಅಬೀ ಹುಬೈಶ್ ಎಂಬ ಹೆಂಗಸು ಇದನ್ನೇ ಕೇಳಿದ್ದರು, ನಿಲ್ಲದ ರಕ್ತದ ಬಗ್ಗೆ. ಅದು ಹೈಳ್ ಅಲ್ಲ, ರಕ್ತನಾಳದಿಂದ ಬರುವ ರಕ್ತ ಅಂತ ಉತ್ತರ ಬಂತು. ಉಮ್ಮು ಸುಲೈಮ್ ಎಂಬ ಇನ್ನೊಬ್ಬರು ಹೆಣ್ಣಿನ ಸ್ವಪ್ನಸ್ಖಲನದ ಬಗ್ಗೆಯೂ ಕೇಳಿದರು. ದೀನ್ ಕಲಿಯಲು ನಾಚಿಕೆ ಅಡ್ಡ ಬರಲಿಲ್ಲ ಅಂತ ಪ್ರವಾದಿಯವರ ಪತ್ನಿ ಆಯಿಶಾ ಬೀವಿ ಮದೀನಾದ ಅನ್ಸಾರಿ ಹೆಂಗಸರನ್ನು ಹೊಗಳಿದ್ದಾರೆ. ನಾವು ಯಾರಿಗಿಂತ ಹೆಚ್ಚು ಮಾನವಂತರು?

ಕೆಲವರ ಭಯ ಬೇರೆ. ಗರ್ಭನಿರೋಧಕದ ಮಾತು ಬಂದರೆ ಮಕ್ಕಳು ದಾರಿ ತಪ್ಪುತ್ತಾರೆ ಅಂತ. ಮದುವೆಯ ಹೊರಗಿನ ಸಂಬಂಧ ಹರಾಮ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಮದುವೆಯೊಳಗೆ ಅಝ್ಲ್, ಅಂದರೆ ಗರ್ಭ ನಿಲ್ಲದಂತೆ ವೀರ್ಯವನ್ನು ಹೊರಗೆ ಬಿಡುವುದನ್ನು ಹೆಚ್ಚಿನ ಇಮಾಮರು ಒಪ್ಪಿದ್ದಾರೆ, ಇಮಾಮ್ ಗಝ್ಝಾಲಿಯೂ ಸೇರಿ. ಮುಂದೆ ಮದುವೆಯಾಗುವ ಹುಡುಗಿಗೆ ಇದು ತಿಳಿದಿರಬಾರದೇ?

"ಬಾಲಿಗ್ (ಪ್ರಾಯಕ್ಕೆ ಬಂದವಳು) ಆದಳಲ್ಲ, ಮದುವೆ ಮಾಡಿ ಮುಗಿಸಿ" ಅನ್ನುವವರಿಗೂ ಒಂದು ಮಾತು. ಕುರ್‌ಆನಿನ ಅನ್ನಿಸಾ ಅಧ್ಯಾಯದ 6ನೇ ಆಯತ್ (ವಚನ) ನೋಡಿ. ಅನಾಥ ಮಕ್ಕಳು ಮದುವೆಯ ಪ್ರಾಯಕ್ಕೆ ಬಂದರೆ ಸಾಲದು, ಅವರಲ್ಲಿ ವಿವೇಕ ಕಂಡ ಮೇಲೆಯೇ ಆಸ್ತಿ ಕೊಡಿ ಅನ್ನುತ್ತದೆ. ಹಣಕ್ಕೇ ಇಷ್ಟು ಎಚ್ಚರ ಬೇಕಾದರೆ ಹೆರಿಗೆಗೆ, ಸಂಸಾರಕ್ಕೆ ಬೇಡವೇ? ದೇಶದ ಕಾನೂನು 18 ಅನ್ನುತ್ತದೆ. ಕರ್ನಾಟಕದ ತಿದ್ದುಪಡಿಯಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು.

ಸರ್ಕಾರದ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014ರಿಂದ ಇದೆ, 10ರಿಂದ 19 ವರ್ಷದವರಿಗೆ. ಅದರಲ್ಲಿ ಹುಡುಗರೂ ಸೇರುತ್ತಾರೆ. ಅವರಿಗೂ ಗುಸುಲ್ (ಇಡೀ ಮೈ ತೊಳೆಯುವ ಶುದ್ಧಿಸ್ನಾನ) ಕಡ್ಡಾಯವಾಗುವ ಪ್ರಾಯ ಅದೇ ತಾನೇ?

ಹುಡುಗಿಯರಿಗೆ ಬೇರೆ ಕೋಣೆ, ಲೇಡಿ ಡಾಕ್ಟರು, ತಾಯಂದಿರು ಬಂದು ಕೂರಲು ಅವಕಾಶ, ಇಷ್ಟನ್ನು ಶಾಲೆಯವರಲ್ಲಿ ಕೇಳಿದೆ. ಒಪ್ಪಿದರು. ಮದ್ರಸದ ಉಸ್ತಾದರ (ಗುರುಗಳ) ಮನೆಯವರೂ ಬರುತ್ತೇನೆ ಅಂದಿದ್ದಾರೆ. ಶನಿವಾರ ಬೆಳಿಗ್ಗೆ 10ಕ್ಕೆ. ಉಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ.