ಆ ಕಾವಲು ಖಾಲಿ ಜಾಗ ಅಲ್ಲ

ಇವತ್ತು ಬೆಳಗ್ಗೆ ಆರೂವರೆಗೆ ನಮ್ಮೂರ ಕಾವಲಿನ (ದನ ಮೇಯಲು ಬಿಟ್ಟ ಹುಲ್ಲುಗಾವಲಿನ) ಕಡೆ ಹೋದವನಿಗೆ ಮೊದಲು ಕೇಳಿಸಿದ್ದು ಟಿಟ್ಟಿಭದ ಕೂಗು. ಅದು ದಿನಾ ಕೂಗುವ ಹಕ್ಕಿಯೇ. ಆದರೆ ಮೊಟ್ಟೆ ಇಟ್ಟಿರುವಾಗ ನಾಯಿ ಹತ್ತಿರ ಸುಳಿದರೆ ಅದರ ದನಿಯೇ ಬೇರೆ. ಉಸಿರು ತೆಗೆದುಕೊಳ್ಳದ ಹಾಗೆ, ತಲೆ ಮೇಲೆ ಎರಗಿ ಎರಗಿ ಕಿರುಚುತ್ತೆ. ನಾಯಿ ಬಂದಿರಬೇಕು ಅಂದುಕೊಂಡು ದಿಬ್ಬ ಹತ್ತಿದೆ. ನಾಯಿ ಅಲ್ಲ, ಜೆಸಿಬಿ. ಅದರ ಹಿಂದೆ ಸಾಲಾಗಿ ಗುಂಡಿಗಳು. ಗುಂಡಿಗಳ ಆಚೆ ಒಂದು ಟೆಂಪೊ ತುಂಬ ಸಸಿ, ಎರಡು ಕೋಲಿಗೆ ಕಟ್ಟಿದ ಹಸಿರು ಬ್ಯಾನರ್, ಒಂದೇ ಬಣ್ಣದ ಟೀಶರ್ಟ್ ಹಾಕಿಕೊಂಡ ಮೂವತ್ತು ನಲವತ್ತು ಜನ.

ಯಾವ ಸಂಸ್ಥೆ ಅಂತ ಹೇಳುವುದಿಲ್ಲ. ಕೆಟ್ಟ ಜನ ಅಲ್ಲ ಅವರು. ಭಾನುವಾರದ ನಿದ್ದೆ ಬಿಟ್ಟು, ಕೈಯಿಂದ ದುಡ್ಡು ಹಾಕಿ, ಮಕ್ಕಳನ್ನೂ ಕರೆದುಕೊಂಡು ಬಂದಿದ್ದರು. ನನಗೆ ಸಂಕಟ ಆಗಿದ್ದೇ ಅದಕ್ಕೆ. ಮರಳು ತುಂಬಲು ಬಂದವರಾಗಿದ್ದರೆ ಜಗಳ ಆಡುವುದು ಸುಲಭವಿತ್ತು.

"ನಿಲ್ಲಿಸಿ, ಇಲ್ಲಿ ನೆಡಬೇಡಿ" ಅಂದೆ. ಒಬ್ಬ ಹುಡುಗ, ನನ್ನ ಪರಿಚಯದವನೇ, ಇಲ್ಲಿ ಫೇಸ್‌ಬುಕ್ಕಿನಲ್ಲೂ ಇದ್ದಾನೆ, ನಕ್ಕು ಕೇಳಿದ: "ಏನ್ ಸಾರ್, ನೀವೇ ದಿನಾ ಹಕ್ಕಿ ಫೋಟೋ ಹಾಕ್ತೀರಿ. ಹಕ್ಕಿಗೆ ಮರ ಬೇಕಲ್ವಾ?"

ಸರಿಯಾದ ಉತ್ತರ ಆ ಹೊತ್ತಿಗೆ ನನ್ನ ನಾಲಿಗೆಗೆ ಬರಲಿಲ್ಲ. ಕೂಗಾಡಿದೆ. ಬಾಯಿಗೆ ಬಂದಿದ್ದೆಲ್ಲ ಅಂದೆ. ಆ ಹುಡುಗ ಬೇಜಾರು ಮಾಡಿಕೊಂಡ. ಮಗೂ, ಇದನ್ನು ಓದುತ್ತಿದ್ದರೆ ಕೂಗಾಡಿದ್ದಕ್ಕೆ ಕ್ಷಮೆ ಇರಲಿ. ಹೇಳಬೇಕಾಗಿದ್ದನ್ನು ಈಗ ಹೇಳುತ್ತೇನೆ, ಪೂರ್ತಿ ಓದು.

ಎಲ್ಲ ಹಕ್ಕಿಗೂ ಮರ ಬೇಡ. ಇಷ್ಟೇ ನನ್ನ ಮಾತು. ಟಿಟ್ಟಿಭ ಜನ್ಮದಲ್ಲಿ ಮರದ ಮೇಲೆ ಕೂರುವುದಿಲ್ಲ. ಅದು ಗೂಡನ್ನೂ ಕಟ್ಟುವುದಿಲ್ಲ. ನೆಲದಲ್ಲಿ ಒಂದಿಷ್ಟು ಕೆರೆದು, ಸುತ್ತ ನಾಲ್ಕು ಹರಳು ಇಟ್ಟು, ನಾಲ್ಕು ಮೊಟ್ಟೆ ಇಡುತ್ತೆ. ಮೊಟ್ಟೆಯ ಬಣ್ಣ ಎಷ್ಟು ಮಣ್ಣಿನ ಹಾಗೆ ಅಂದರೆ ಎದುರಿಗೇ ನಿಂತು ಹುಡುಕಿದರೂ ಕಾಣುವುದಿಲ್ಲ. ಜೆಸಿಬಿ ಓಡಿಸುವವನಿಗೆ ಎಲ್ಲಿ ಕಾಣಬೇಕು? ನೆಲಗುಬ್ಬಿಯ ಹೆಸರಲ್ಲೇ ನೆಲ ಇದೆ. ಗಂಡು ನೆಲಗುಬ್ಬಿಗೆ ಹೊಟ್ಟೆ ಕಪ್ಪು, ನೆತ್ತಿ ಬೂದಿ ಬಣ್ಣ. ಅದು ಆಕಾಶಕ್ಕೆ ಏರಿ, ರೆಕ್ಕೆ ಮುಚ್ಚಿ, ಸೀಟಿ ಹಾಕುತ್ತಾ ಕಲ್ಲಿನ ಹಾಗೆ ಬೀಳುತ್ತೆ. ನೆಲಕ್ಕೆ ಬಡಿದೇಬಿಟ್ಟಿತು ಅನ್ನುವಾಗ ಮತ್ತೆ ಮೇಲಕ್ಕೆ ತೂಗುತ್ತೆ. ಈ ಆಟಕ್ಕೆ ಅದಕ್ಕೆ ಬೇಕಾಗಿರುವುದು ಬಯಲು. ಗೌಜಲಹಕ್ಕಿ, ಬುರ್ಲಿ, ಪಿಪಿಳೀಕ, ಇವೆಲ್ಲ ಹುಲ್ಲಿನ ಬುಡದಲ್ಲಿ ಸಂಸಾರ ಮಾಡುವವು. ಚಳಿಗಾಲಕ್ಕೆ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಹಾರಿ ಬರುವ ಸೆಳೆವಗಳನ್ನು ನೀವು ನನ್ನ ಫೋಟೋಗಳಲ್ಲಿ ನೋಡಿದ್ದೀರಿ. ಆ ಬೇಟೆಗಾರ ಹಕ್ಕಿ ಸಾವಿರಾರು ಕಿಲೋಮೀಟರ್ ದಾಟಿ ಬಂದು ರಾತ್ರಿ ಮಲಗುವುದು ನೆಲದ ಮೇಲೆ, ಎದೆಯೆತ್ತರದ ಹುಲ್ಲಿನ ನಡುವೆ. ಹಗಲಲ್ಲಿ ಮಿಡತೆ ಹಿಡಿಯುತ್ತೆ. ಹುಲ್ಲು ಹೋದರೆ ಮಿಡತೆಯೂ ಇಲ್ಲ, ಮಲಗುವ ಜಾಗವೂ ಇಲ್ಲ.

ಇನ್ನೊಂದು ವಿಷಯ ಇದೆ, ಅದು ಯಾರ ತಲೆಗೂ ಹೊಳೆಯುವುದಿಲ್ಲ. ಬಯಲಲ್ಲಿ ಮರ ಬಂದರೆ ಮರದ ಮೇಲೆ ಕಾಗೆ ಬಂದು ಕೂರುತ್ತೆ. ಎತ್ತರದಲ್ಲಿ ಕೂತವನಿಗೆ ಕೆಳಗಿನ ಗೂಡುಗಳೆಲ್ಲ ಕಾಣುತ್ತವೆ. ಆಮೇಲೆ ಮೊಟ್ಟೆ ಉಳಿಯುವುದು ಹೇಗೆ? ಹಕ್ಕಿಗೆ ಮರ ಬೇಕಲ್ವಾ ಅಂತ ಕೇಳಿದೆಯಲ್ಲಪ್ಪ, ಈ ಹಕ್ಕಿಗೆ ಮರವೇ ಶತ್ರು.

ಹೂವಿನ ಮಾತಿಗೆ ಬರುತ್ತೇನೆ. ಆ ಜೆಸಿಬಿ ಚಕ್ರದ ಗುರುತಿನಲ್ಲಿ ಮೊಣಕಾಲೂರಿ ಕೂತು ನೋಡಿದೆ. ಮೊದಲ ಮಳೆಗೆ ಅರಳಿದ ವಿಷ್ಣುಕ್ರಾಂತಿ, ಉಗುರಿನಷ್ಟೂ ಇಲ್ಲದ ನೀಲಿ ಹೂವು, ನೆಲಕ್ಕೆ ಅಂಟಿಕೊಂಡಂತೆ ಹಬ್ಬಿತ್ತು. ಅದರ ಮೇಲೇ ಚಕ್ರ ಹರಿದಿದೆ. ಪಕ್ಕದಲ್ಲಿ ನೆಗ್ಗಿಲಿನ ಹಳದಿ ಹೂವು, ಎರಡು ತುಂಬೆ ಗಿಡ. ತಿಂಗಳೊಪ್ಪತ್ತು ಕಳೆದರೆ ಇದೇ ಜಾಗದ ಬೇಲಿ ಅಂಚಿನಲ್ಲಿ ಗೌರಿಹೂ ಬಳ್ಳಿ ಮೇಲೇಳುತ್ತೆ. ಕೆಂಪು ಹಳದಿ ಬೆಂಕಿಯ ನಾಲಿಗೆಯಂಥ ಎಸಳುಗಳು ಗೌರಿ ಹಬ್ಬದ ಹೊತ್ತಿಗೆ ಅರಳುತ್ತವೆ. ಅದಕ್ಕೆ ಆ ಹೆಸರು. ಅದಾದ ಮೇಲೆ ಅಣ್ಣೆಹೂ. ದೀಪಾವಳಿಗೆ ನಮ್ಮವ್ವ ಸಗಣಿಯ ಕೆರಕ ಮಾಡಿ ಅದಕ್ಕೆ ಸಿಕ್ಕಿಸುತ್ತಿದ್ದದ್ದು ಪೇಟೆಯ ಸೇವಂತಿಗೆ ಅಲ್ಲ, ಇದೇ ಕಾವಲಿನ ಅಣ್ಣೆಹೂ, ಉತ್ತರಾಣಿ ಕಡ್ಡಿ, ತಂಗಡಿ ಹೂವು. ಬೆಳಗಿನ ಜಾವ ನಮ್ಮನ್ನು ಎಬ್ಬಿಸಿ ಹೂವು ತರಲು ಕಳಿಸುತ್ತಿದ್ದಳು. ಇಬ್ಬನಿಗೆ ಚಡ್ಡಿ ಒದ್ದೆಯಾಗಿ, ಊಬು ಹುಲ್ಲು ಚುಚ್ಚಿ, ಮೈಯೆಲ್ಲ ತುರಿಸಿಕೊಂಡು ಮನೆಗೆ ಬರುತ್ತಿದ್ದೆವು. ಬುಡ ಸಮೇತ ಕಿತ್ತು ತಂದರೆ ಬೈಗುಳ. ಮುಂದಿನ ವರ್ಷಕ್ಕೆ ಬೀಜ ಎಲ್ಲಿಂದ ಬರಬೇಕು ಅನ್ನುತ್ತಿದ್ದಳು. ಅವ್ವ ಶಾಲೆಗೆ ಹೋದವಳಲ್ಲ.

ಈ ಹೂವುಗಳೆಲ್ಲ ಬಿಸಿಲಿನ ಮಕ್ಕಳು. ದಟ್ಟ ನೆರಳು ಬಿದ್ದರೆ ಸಾಯುತ್ತವೆ. ಮರ ದೊಡ್ಡದಾದ ಮೇಲೆ ಅವು ಎಲ್ಲಿಗೆ ಹೋಗಬೇಕು ಅಂತ ಟೆಂಪೊದಲ್ಲಿ ಬಂದ ನಲವತ್ತು ಜನರಲ್ಲಿ ಒಬ್ಬರಾದರೂ ಯೋಚಿಸಿದ್ದರಾ?

ಅವರ ಕರೆಯೋಲೆಯಲ್ಲಿ "ಪಾಳುಬಿದ್ದ ಜಾಗದಲ್ಲಿ ಹಸಿರು ಕ್ರಾಂತಿ" ಅಂತ ಇತ್ತು. ಆ ಪಾಳು ಅನ್ನುವ ಪದ ನೋಡಿದರೆ ನನಗೆ ಮೈ ಉರಿಯುತ್ತೆ. ಕಾವಲು ಅಂದರೇನು ಅಂತ ಗೊತ್ತಿದ್ದವರು ಆ ಪದ ಬಳಸುವುದಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಹದಿನೇಳನೇ ಶತಮಾನದ ಕೊನೆಯ ಭಾಗದಲ್ಲಿ, ಬೆಣ್ಣೆ ಚಾವಡಿ ಅನ್ನುವ ಇಲಾಖೆ ಇತ್ತು. ಅರಮನೆಯ ದನಗಳಿಗೆ ಮೀಸಲಾದ ಹುಲ್ಲುಗಾವಲುಗಳು ಆ ಇಲಾಖೆಯವು. ಟಿಪ್ಪು ಅದನ್ನು ಅಮೃತ ಮಹಲ್ ಅಂತ ಕರೆದ. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಅಂತ ವಿಂಗಡಿಸಿ ಹುಲ್ಲಿಗೆ ಬಿಡುವು ಕೊಟ್ಟು ಮೇಯಿಸುತ್ತಿದ್ದರು. ಕಾವಲು ಅನ್ನುವ ಮಾತಿನ ಅರ್ಥವೇ ಕಾಯ್ದುಕೊಂಡದ್ದು. ಮುನ್ನೂರು ವರ್ಷ ಕಾಯ್ದುಕೊಂಡದ್ದನ್ನು ಒಂದು ಕರೆಯೋಲೆಯಲ್ಲಿ ಪಾಳು ಮಾಡಿಬಿಟ್ಟರು.

ಅವರೊಬ್ಬರದೇ ತಪ್ಪಲ್ಲ, ಒಪ್ಪುತ್ತೇನೆ. ಬ್ರಿಟಿಷರ ಕಂದಾಯದ ಲೆಕ್ಕದಲ್ಲಿ ತೆರಿಗೆ ಬರದ ಭೂಮಿಯೆಲ್ಲ ವ್ಯರ್ಥ ಭೂಮಿ. ಆ ಬುದ್ಧಿ ಇನ್ನೂ ಹೋಗಿಲ್ಲ. ದೇಶದ ಪಾಳುಭೂಮಿಯ ನಕಾಶೆಯಲ್ಲಿ ಇವತ್ತಿಗೂ ಎಷ್ಟೋ ಒಳ್ಳೆಯ ಹುಲ್ಲುಗಾವಲು, ಕುರುಚಲು ಕಾಡು ಪಾಳುಭೂಮಿಯ ಲೆಕ್ಕಕ್ಕೇ ಸೇರಿವೆ. ಬೆಂಗಳೂರಿನ ಪಕ್ಕದ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಫಿಲಂ ಸಿಟಿ ಕಟ್ಟುವ ಮಾತು ಬಂದಿದ್ದೂ ಅದು ಖಾಲಿ ಬಿದ್ದಿದೆ ಅನ್ನುವ ಇದೇ ಕಣ್ಣಿನಿಂದ. ಅದನ್ನು ಸಂರಕ್ಷಿಸಬೇಕು ಅನ್ನುವ ಪ್ರಸ್ತಾವ 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯ ಮುಂದೆ ಬಂದಾಗ ಮೊದಲು ತಿರಸ್ಕಾರವಾಯಿತು. ಹಕ್ಕಿ ನೋಡುವವರು ಹೋರಾಡಿ ಹೋರಾಡಿ ಅದಕ್ಕೆ ಮಾನ್ಯತೆ ತಂದುಕೊಳ್ಳಬೇಕಾಯಿತು. ನಮ್ಮ ಕಡೂರು ತಾಲ್ಲೂಕಿನ ಬಾಸೂರು ಕಾವಲಿಗೆ 2011ರಲ್ಲೇ ಸಂರಕ್ಷಣಾ ಮೀಸಲು ಅನ್ನುವ ಪಟ್ಟ ಸಿಕ್ಕಿದೆ. ಅಲ್ಲಿ ಕೃಷ್ಣಮೃಗ ಇತ್ತು, ಬಚಾವಾಯಿತು. ನಮ್ಮೂರ ಕಾವಲಿನಲ್ಲಿ ಕೃಷ್ಣಮೃಗ ಇಲ್ಲ. ಬರೀ ನೆಲಗುಬ್ಬಿ, ಬರೀ ವಿಷ್ಣುಕ್ರಾಂತಿ. ಅವಕ್ಕೆ ಯಾರು ಪಟ್ಟ ಕೊಡಬೇಕು?

ಮರ ನೆಟ್ಟು ಹುಲ್ಲುಗಾವಲು ಕೊಂದದ್ದು ನಮ್ಮ ರಾಜ್ಯದಲ್ಲಿ ಇದೇ ಮೊದಲಲ್ಲ. ರಾಣೆಬೆನ್ನೂರಿನ ಅಭಯಾರಣ್ಯ 1974ರಲ್ಲಿ ಆದದ್ದು, ಸುಮಾರು 119 ಚದರ ಕಿಲೋಮೀಟರ್. ಕೃಷ್ಣಮೃಗಕ್ಕೆ ಹೆಸರಾದ ಜಾಗ. ಅಲ್ಲಿ ಎರೆಭೂತವೂ ಇತ್ತು. ಪುಸ್ತಕದವರು ಹೆಬ್ಬಕ ಅನ್ನುವ, ಸುಮಾರು ಒಂದು ಮೀಟರ್ ಎತ್ತರ ನಿಲ್ಲುವ, ಬಯಲು ಬಿಟ್ಟು ಬದುಕಲಾರದ ಹಕ್ಕಿ. ಅಲ್ಲಿನ ಬಯಲಿಗೆ ಏನು ಮಾಡಿದರು? ಬಹುಪಾಲು ಜಾಗಕ್ಕೆ ನೀಲಗಿರಿ ಹಾಕಿದರು. ಎರೆಭೂತ ಹೋಯಿತು. ಇವತ್ತು ಇಡೀ ದೇಶದಲ್ಲಿ ಉಳಿದಿರುವುದು 150ರ ಆಸುಪಾಸು, ನಮ್ಮ ರಾಜ್ಯದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆ. ಹಸಿರು ಹೆಚ್ಚಾಯಿತು ಅಂತ ಆಗಲೂ ಯಾರೋ ಖುಷಿಪಟ್ಟಿರುತ್ತಾರೆ.

ಒಂದು ಮಾತು ಹೇಳಿಬಿಡುತ್ತೇನೆ, ಇಷ್ಟು ದಿನ ಇಲ್ಲಿ ಬರೆದಿರಲಿಲ್ಲ. ಕಾಲೇಜಿನ ಎನ್ನೆಸ್ಸೆಸ್ ಕ್ಯಾಂಪಿನಲ್ಲಿ ನಾನೂ ನೆಟ್ಟವನೇ. ಊರಾಚೆಯ ಹುಲ್ಲುಗುಡ್ಡಕ್ಕೆ ಹತ್ತು ದಿನ ಗುಂಡಿ ತೋಡಿ ಅಕೇಶಿಯ ಹಾಕಿದೆವು. ಕೈಯಲ್ಲಿ ಬೊಬ್ಬೆ ಎದ್ದಿತ್ತು, ಅದನ್ನು ಹೆಮ್ಮೆಯಿಂದ ಮನೆಯಲ್ಲಿ ತೋರಿಸಿದ್ದೆ. ಹೋದ ವರ್ಷ ಆ ಗುಡ್ಡ ಹತ್ತಿದೆ. ಸಸಿಗಳೆಲ್ಲ ಬದುಕಿವೆ, ಎತ್ತರಕ್ಕೆ ಬೆಳೆದಿವೆ. ಕೆಳಗೆ ಒಣಗಿದ ಎಲೆಯ ಹಾಸು, ಒಂದು ಹುಲ್ಲೆಸಳಿಲ್ಲ. ಅರ್ಧ ಗಂಟೆ ಕೂತಿದ್ದೆ, ಒಂದು ಹಕ್ಕಿಯ ದನಿ ಕೇಳಲಿಲ್ಲ. ಕುರಿ ಕಾಯುವ ಒಬ್ಬರು ಹಾದು ಹೋದರು, "ಇದು ಮೊದಲು ಒಳ್ಳೆ ಮೇವಿನ ಗುಡ್ಡ ಆಗಿತ್ತು ಕಣಪ್ಪ" ಅಂದರು. ಆ ಗುಂಡಿಗಳಲ್ಲಿ ಕೆಲವು ನನ್ನವು ಅಂತ ಹೇಳುವ ಧೈರ್ಯ ನನಗಾಗಲಿಲ್ಲ. ಇವತ್ತು ಅಷ್ಟು ಜೋರಾಗಿ ಕೂಗಾಡಿದ್ದಕ್ಕೆ ಅದೂ ಕಾರಣ.

ಸಾಲುಮರದ ತಿಮ್ಮಕ್ಕನ ನಾಡಿನಲ್ಲಿ ಗಿಡ ನೆಡುವುದನ್ನು ವಿರೋಧಿಸುತ್ತೀರಾ ಅಂತ ಒಬ್ಬ ಹಿರಿಯರು ಕೇಳಿದರು. ತಿಮ್ಮಕ್ಕನ ಹೆಸರು ತಂದದ್ದು ಒಳ್ಳೆಯದೇ ಆಯಿತು. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ತಿಮ್ಮಕ್ಕ ನೆಟ್ಟದ್ದು ಆಲದ ಮರ, ನಮ್ಮದೇ ನೆಲದ ಮರ. ನೆಟ್ಟದ್ದು ರಸ್ತೆ ಬದಿಯಲ್ಲಿ, ನಡೆಯುವವರಿಗೆ ನೆರಳು ಬೇಕಾದ ಕಡೆ. ಗಂಡ ಹೆಂಡತಿ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದರು, ದನ ಮೇಯದ ಹಾಗೆ ಮುಳ್ಳು ಕಟ್ಟಿದರು. ಯಾವ ಮರ, ಎಲ್ಲಿ, ನೆಟ್ಟ ಮೇಲೆ ಯಾರು ನೋಡಿಕೊಳ್ಳಬೇಕು, ಮೂರೂ ಆ ತಾಯಿಗೆ ಗೊತ್ತಿತ್ತು. ಇವತ್ತಿನ ಟೆಂಪೊದಲ್ಲಿ ಇದ್ದದ್ದು ಏನು? ಒಂದಿಷ್ಟು ಹೊಂಗೆ, ಬೇವು, ಸರಿ. ಉಳಿದದ್ದು ಅಮೆರಿಕದ ಮಹಾಗನಿ, ಮಡಗಾಸ್ಕರಿನ ಗುಲ್‌ಮೊಹರ್. ನೀರು ಯಾರು ಹಾಕುತ್ತಾರೆ ಅಂತ ಕೇಳಿದ್ದಕ್ಕೆ ಮಳೆ ಬರುತ್ತಲ್ಲ ಅಂದರು.

ಮರ ಇಂಗಾಲ ಹೀರುತ್ತೆ, ಹವಾಮಾನಕ್ಕೆ ಒಳ್ಳೆಯದು ಅಂತಲೂ ಒಬ್ಬರು ಶುರು ಮಾಡಿದರು. ಹುಲ್ಲು ಇಂಗಾಲವನ್ನು ಬೇರಿನಲ್ಲಿ, ಮಣ್ಣಿನೊಳಗೆ ಇಡುತ್ತೆ. ಮೇಲೆ ಬೆಂಕಿ ಬಿದ್ದರೂ ಒಳಗಿನದು ಉಳಿಯುತ್ತೆ, ಮಳೆ ಬಂದರೆ ಅದೇ ಬೇರಿನಿಂದ ಮತ್ತೆ ಚಿಗುರುತ್ತೆ. ನಮ್ಮ ಕೆರೆಗೆ ನೀರು ಬರುವುದೂ ಈ ಕಾವಲಿನ ಮೇಲಿಂದಲೇ. ಇಂಗಾಲದ ಲೆಕ್ಕದ ವಾದ ನನಗೆ ಹಿಡಿಸುವುದಿಲ್ಲ, ಅದರಲ್ಲಿ ಹೆಚ್ಚು ಹೊತ್ತು ಕಳೆಯುವುದೂ ಇಲ್ಲ.

ಊರ ನೆಲಕ್ಕಾಗಿ ಜನ ಎದ್ದು ನಿಂತ ಕಾಲವೂ ಇತ್ತು. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಯಲ್ಲಿದ್ದ, ಈಗ ಹಾವೇರಿಗೆ ಸೇರಿರುವ ಕುಸನೂರಿನಲ್ಲಿ ರೈತರು ತಮ್ಮ ಊರ ಸಾಮೂಹಿಕ ಭೂಮಿಗೆ ಇಳಿದರು. ಅಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಕಿತ್ತಿಕೋ ಹಚ್ಚಿಕೋ ಅಂತಲೇ ಆ ಸತ್ಯಾಗ್ರಹಕ್ಕೆ ಹೆಸರು. ನಾವು ಒಂದು ಅರ್ಜಿಗೆ ಸಹಿ ಹಾಕಲು ಹಿಂದೆ ಮುಂದೆ ನೋಡುತ್ತೇವೆ.

ಈಗ ಇವತ್ತಿನ ಕತೆ. ಎಂಟು ಗಂಟೆಯ ಹೊತ್ತಿಗೆ ಜೆಸಿಬಿ ನಿಂತಿತು. ನನ್ನ ಮಾತಿಗಲ್ಲ. ಅವರ ಜೊತೆ ಬಂದಿದ್ದ ಏಳೆಂಟು ವರ್ಷದ ಹುಡುಗಿ "ಅಪ್ಪಾ, ಇಲ್ಲಿ ಮೊಟ್ಟೆ" ಅಂತ ಕೂಗಿದಳು. ಮುಂದಿನ ಗುಂಡಿಗೆ ಸುಣ್ಣದ ಗುರುತು ಹಾಕಿದ್ದ ಜಾಗದಿಂದ ಎರಡೇ ಹೆಜ್ಜೆ ಆಚೆ, ಹರಳಿನ ನಡುವೆ ನಾಲ್ಕು. ಕಾಡುಹಕ್ಕಿಯ ಗೂಡು, ಮೊಟ್ಟೆ ನಾಶ ಮಾಡುವುದನ್ನು 1972ರ ವನ್ಯಜೀವಿ ಕಾಯಿದೆ ಬೇಟೆ ಅಂತಲೇ ಲೆಕ್ಕ ಹಾಕುತ್ತೆ. ಅದನ್ನು ನಾನು ಹೇಳುವ ಅಗತ್ಯವೇ ಬೀಳಲಿಲ್ಲ. ಎಲ್ಲರೂ ಸುತ್ತ ಬಗ್ಗಿ ನೋಡಿದರು, ಹಕ್ಕಿ ತಲೆ ಮೇಲೆ ಕಿರುಚುತ್ತಲೇ ಇತ್ತು. ದೂರ ಸರಿದು ನಿಲ್ಲೋಣ ಅಂದೆ, ಸರಿದರು. ಇಪ್ಪತ್ತು ನಿಮಿಷ ಆದ ಮೇಲೆ ಹಕ್ಕಿ ಇಳಿದು, ಆ ಕಡೆ ಈ ಕಡೆ ನಡೆದು, ಕಾಲು ಮಡಚಿ ಕೂತಿತು. ಆ ಹುಡುಗಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ತೋಡಿದ್ದು ಅರವತ್ತಮೂರು ಗುಂಡಿ. ಒಂದಷ್ಟನ್ನು ನಾವೇ ಮುಚ್ಚಿದೆವು, ನಾಳೆ ಸಂಜೆ ಉಳಿದವನ್ನು ಮುಚ್ಚಬೇಕು. ಗೂಡು ಇರುವ ದಿಬ್ಬದ ಕಡೆ ಯಾರೂ ಹೋಗಬೇಡಿ, ಫೋಟೋಕ್ಕೂ ಬೇಡ. ಜಾಗ ಎಲ್ಲಿ ಅಂತ ಕಮೆಂಟಿನಲ್ಲಿ ಕೇಳಬೇಡಿ. ಗುರುವಾರ ಪಂಚಾಯಿತಿಗೆ ಅರ್ಜಿ ಕೊಡುತ್ತಿದ್ದೇನೆ, ಊರಿನವರು ಹನ್ನೊಂದಕ್ಕೆ ಬನ್ನಿ.

ಹೊಂಗೆ, ಬೇವಿನ ಸಸಿ ಸುಮಾರು ನೂರ ಇಪ್ಪತ್ತು ಉಳಿದಿವೆ, ನಮ್ಮ ಕೊಟ್ಟಿಗೆಯ ನೆರಳಲ್ಲಿ ಇಳಿಸಿದ್ದೇವೆ. ಆ ಸಸಿಗಳದೇನು ತಪ್ಪು? ಹೊಲದ ಬದು ಇರುವವರು, ಮನೆ ಮುಂದೆ ಜಾಗ ಇರುವವರು, ಶಾಲೆಯ ಕಾಂಪೌಂಡಿಗೆ ಬೇಕಾದವರು ಬಂದು ತೆಗೆದುಕೊಂಡು ಹೋಗಿ. ಎರಡು ವರ್ಷ ನೀರು ಹಾಕುತ್ತೇನೆ ಅನ್ನುವವರಿಗೆ ಮಾತ್ರ. ಬೆಳಗ್ಗೆ ಒಂಬತ್ತರ ಮೇಲೆ ಬನ್ನಿ, ಅಷ್ಟು ಹೊತ್ತಿನ ತನಕ ನಾನು ಕಾವಲಿನಲ್ಲಿರುತ್ತೇನೆ.