ಆಷಾಢದಲ್ಲಿ ಮನೆ ನೋಡಬೇಡಿ

ನಮ್ಮ ಕಡೆ 'ಮನಿ ಮಾಡೋದು' ಅಂದರೆ ಕಟ್ಟಿಸುವುದಲ್ಲ. ಮಕ್ಕಳ ಓದಿಗಾಗಿ ತಾಯಿ ಹಳ್ಳಿ ಬಿಟ್ಟು ಪೇಟೆಯಲ್ಲಿ ಬಾಡಿಗೆ ಹಿಡಿಯುವುದು. ಅಪ್ಪ ಹೊಲ, ದನ ಅಂತ ಊರಲ್ಲೇ ಉಳಿಯುತ್ತಾನೆ. ಶನಿವಾರ ಜೋಳದ ಚೀಲ ಹೊತ್ತು ಬಸ್ಸಿಳಿಯುತ್ತಾನೆ.

ಹೋದ ವರ್ಷ ನಮ್ಮ ಸರದಿಯೂ ಬಂತು. ಮಗಳಿಗೆ ಆರು, ಮಗನಿಗೆ ಮೂರು. ಕೇಳಿದವರೆಲ್ಲ ಹೇಳಿದ್ದು ಒಂದೇ: 'ಮೊದಲ ಸಾಲಿ ನೋಡ್ರಿ.' ನಾನು ಮೊದಲು ನೋಡಿದ್ದು ನೀರು. ಜನ ನಕ್ಕರು.

ಕಾರಣ ನನ್ನ ಬಾಯಲ್ಲೇ ಇದೆ. ನಮ್ಮೂರು ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲೂಕು. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್. ನನ್ನ ಹಲ್ಲಿನ ಕಂದು ಪಟ್ಟೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ. ಅವ್ವ ಪಾಪ, ನೀರು ಕಾಯಿಸಿ ಕೊಡುತ್ತಿದ್ದಳು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕಾಯಂ ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಕಲೆ ಕೂರುತ್ತದೆ. ನನ್ನ ಮಕ್ಕಳದು ಈಗ ಅದೇ ವಯಸ್ಸು. ಊರಿನ ಶುದ್ಧ ನೀರಿನ ಘಟಕದಿಂದ ತರಬಹುದು ಅಲ್ವಾ ಅಂತೀರಿ. ಘಟಕ ಕೆಟ್ಟ ದಿನ?

ಗಂಗಾವತಿಗೂ ಹೋಗಿ ಬಂದೆವು. ಕಾಲುವೆ, ಹಸಿರು, ದುಡ್ಡಿನ ಓಡಾಟ. ನಾವು ನೋಡಿದ ಮನೆ ಗದ್ದೆಗೆ ಅಂಟಿಕೊಂಡಿತ್ತು. ಅಂದು ಭತ್ತಕ್ಕೆ ಕೀಟನಾಶಕದ ಎಣ್ಣೆ ಹೊಡೆಯುತ್ತಿದ್ದರು. ಮಗ ಕೆಮ್ಮತೊಡಗಿದ, ವಾಪಸ್ ಬಂದೆವು.

ಧಾರವಾಡದ ಮಾತೂ ಬಂತು. ಹೋದರೆ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿ ಕೈತಪ್ಪುತ್ತದೆ ಅಂತ ಒಬ್ಬರು ಸುಮ್ನೆ ಹೆದರಿಸಿದರು. ಅದು ಈ ಭಾಗದಲ್ಲಿ ಹುಟ್ಟಿದವರಿಗೂ ಇದೆ, ಇಲ್ಲೇ ಓದಬೇಕೆಂದೇನಿಲ್ಲ. ನಾವು ಬಿಟ್ಟದ್ದು ಬೇರೆ ಕಾರಣಕ್ಕೆ. ಮಕ್ಕಳಿಗೆ ಅಜ್ಜಿ ವರ್ಷಕ್ಕೆರಡು ಸಲ ಬರುವ ನೆಂಟಳಾಗುವುದು ನನಗೆ ಬೇಡವಿತ್ತು.

ಉಳಿದದ್ದು ಕೊಪ್ಪಳ. ನಲ್ಲಿಯಲ್ಲಿ ತುಂಗಭದ್ರೆ ನೀರು. 2015ರಲ್ಲಿ ಶುರುವಾದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ನಡುರಾತ್ರಿ ಜ್ವರ ಏರಿದರೆ ಹುಬ್ಬಳ್ಳಿ ದಾರಿ ಹಿಡಿಯಬೇಕಿಲ್ಲ. ಆದರೆ ಧೂಳು! ಊರಿನ ಮೂಡಣಕ್ಕೆ ಗಿಣಿಗೇರಾ ಕಡೆ ಸಾಲು ಸಾಲು ಕಬ್ಬಿಣದ ಕಾರ್ಖಾನೆ. ಅಲ್ಲಿನ ಹೊಲಗಳ ಹತ್ತಿ ಕಪ್ಪಗಾಗಿರುವುದನ್ನು ನೀವೇ ಹೋಗಿ ನೋಡಿ. ಫೆಬ್ರವರಿ 2025ರಲ್ಲಿ ಕಾರ್ಖಾನೆ ವಿಸ್ತರಣೆ ಬೇಡ ಅಂತ ಊರಿಗೆ ಊರೇ ಬಂದ್ ಆದದ್ದು ಸುಮ್ಮನೆ ಅಲ್ಲ.

ನಾನು ಎಡವಿದ್ದೂ ಇಲ್ಲೇ. ಮೊದಲ ಮನೆಯನ್ನು ಊರಿನ ಮೂಡಣ ಅಂಚಿನಲ್ಲಿ, ಆಷಾಢದಲ್ಲಿ ನೋಡಿದೆ. ಬೆರಳೆಳೆದರೆ ಕಿಟಕಿ ದಂಡೆ ಸ್ವಚ್ಛ. ಖುಷಿಯಿಂದ ಅಡ್ವಾನ್ಸ್ ಕೊಟ್ಟೆ, ಶ್ರಾವಣದಲ್ಲಿ ಹಾಲುಕ್ಕಿಸಿದೆವು. ಮಳೆಗಾಲದ ಗಾಳಿ ಪಡುವಣದಿಂದ ಬೀಸಿ ಧೂಳನ್ನು ಹೊಸಪೇಟೆ ಕಡೆ ಒಯ್ಯುತ್ತದೆ ಅಂತ ಹೊಳೆಯಲೇ ಇಲ್ಲ. ದೀಪಾವಳಿ ಕಳೆದು ಗಾಳಿ ತಿರುಗಿತು. ಒಣಹಾಕಿದ ಮಗಳ ಬಿಳಿ ಯೂನಿಫಾರ್ಮ್ ಬೂದಿ ಬಣ್ಣಕ್ಕೆ ಬಂತು. ಮೂರು ತಿಂಗಳ ಬಾಡಿಗೆ ಕಳೆದುಕೊಂಡು ಪಡುವಣಕ್ಕೆ, ಗದಗ ರಸ್ತೆ ಕಡೆ ಬಂದೆವು. ಇಲ್ಲೂ ಧೂಳು ಇಲ್ಲವೆಂದಲ್ಲ, ಕಡಿಮೆ. ಬಾಡಿಗೆ ಮಾತ್ರ ಜಾಸ್ತಿ.

ಶಾಲೆ? ಅದು ಹತ್ತಿರದ ಸಾಧಾರಣ ಶಾಲೆ. ಮಗಳು ನಡೆದೇ ಹೋಗುತ್ತಾಳೆ.

ಜನವರಿಯಲ್ಲಿ ಗವಿಮಠದ ಜಾತ್ರೆಗೆ ಅವ್ವ ಬಂದಿದ್ದಳು, ದಾಸೋಹಕ್ಕೆ ರೊಟ್ಟಿ ಗಂಟು ಕಟ್ಟಿಕೊಂಡು. ಹೊರಡುವಾಗ ನಮ್ಮ ನಲ್ಲಿಗೆ ಎರಡು ಕ್ಯಾನ್ ಹಿಡಿದಳು. 'ಚಾಕ್ಕ ಚಲೋ ಆಗ್ತೈತಿ' ಅಂತ ಬಸ್ಸಿಗೇರಿಸಿಕೊಂಡು ಹೋದಳು.